ಮೇಷ್ಟ್ರ ಲೆಕ್ಕದ ಪುಸ್ತಕಕ್ಕೆ ಬಳ್ಳಿ ಹಬ್ಬಿದ ವರ್ಷ

ಹೋದ ವಾರ ಅತ್ತೆಯ ಪಿಂಚಣಿ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಲು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಜೆರಾಕ್ಸ್ ಮೆಶೀನಿನ ಇಂಕಿನ ವಾಸನೆ. ಗೋಡೆಯ ಮೇಲೆ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು ಸಾಲಾಗಿ ಅಂಟಿಸಿದ್ದರು. ಮೂರಕ್ಕೂ ಒಂದೇ ಬಾರ್ಡರ್. ನಾಲ್ಕು ಮೂಲೆಯಲ್ಲಿ ಗುಲಾಬಿ, ಸುತ್ತಲೂ ಹಸಿರು ಬಳ್ಳಿ. ಮದುವೆಯಾದರೂ ಅದೇ ಬಳ್ಳಿ, ಸತ್ತರೂ ಅದೇ ಬಳ್ಳಿ. ನನಗೆ ಮೈಯೆಲ್ಲ ಉರಿದುಹೋಯಿತು. ಕಾರ್ಡು ತೆಗೆದುಕೊಂಡು ಚಿಲ್ಲರೆಯನ್ನೂ ಕೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ. ಆ ಬಳ್ಳಿಗೂ ನನಗೂ ಹಳೇ ದ್ವೇಷವಿದೆ.

ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಮನೆ ಆಲ್ಕೊಳ ಸರ್ಕಲ್ಲಿನ ಹತ್ತಿರ. ಆದರೆ ಹುಟ್ಟಿ ಬೆಳೆದದ್ದು ಭದ್ರಾವತಿಯ ಜನ್ನಾಪುರದಲ್ಲಿ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿನ ಹೈಸ್ಕೂಲಿನಲ್ಲಿ ನಮಗೆ ಲೆಕ್ಕ ಕಲಿಸಿದವರು ರಂಗಪ್ಪ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ, ಕೊರೊನಾ ಮುಗಿದು ಜನ ಮತ್ತೆ ಗುಂಪುಗೂಡಲು ಶುರು ಮಾಡಿದ ಕಾಲಕ್ಕೆ ಸರಿಯಾಗಿ, ಮೇಷ್ಟ್ರಿಗೆ ಎಪ್ಪತ್ತೈದು ತುಂಬುವುದಿತ್ತು. ನಮ್ಮ ಕಡೆ ಮೇಷ್ಟ್ರೊಬ್ಬರಿಗೆ ಎಪ್ಪತ್ತೈದು ತುಂಬುತ್ತದೆ ಅಂದರೆ ಅವರನ್ನು ಸುಮ್ಮನೆ ಬಿಡುವ ಪದ್ಧತಿಯಿಲ್ಲ. ಹಳೇ ವಿದ್ಯಾರ್ಥಿಗಳು ಸೇರಿ ಸಮಿತಿ ಮಾಡುತ್ತಾರೆ. ಸಮಿತಿಗೊಬ್ಬ ಅಧ್ಯಕ್ಷ, ಕುರ್ಚಿ ಸಾಲದಷ್ಟು ಉಪಾಧ್ಯಕ್ಷರು. ಆಮೇಲೆ ಅಭಿನಂದನ ಗ್ರಂಥ. ಅದರ ಅರ್ಧ ಭಾಗ ಮೇಷ್ಟ್ರ ಮುಖವನ್ನೇ ನೋಡಿರದ ಗಣ್ಯರ ಶುಭಸಂದೇಶ, ಇನ್ನರ್ಧ ‘ಶಿಸ್ತಿನ ಸಿಪಾಯಿ’ ಎಂಬ ಒಂದೇ ತಲೆಬರಹದ ಲೇಖನಗಳು. ಬರೆದವರೂ ಅದನ್ನು ಓದುವುದಿಲ್ಲ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಂಥದೊಂದು ಗ್ರಂಥ ಕಿಟಕಿ ಬಡಿದುಕೊಳ್ಳದ ಹಾಗೆ ತಡೆದು ನಿಂತಿದೆ. ಅಭಿನಂದನ ಗ್ರಂಥವೊಂದು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿರುವುದು ಅಲ್ಲಿ ಮಾತ್ರ.

ನಮ್ಮ ಸಮಿತಿಯ ಅಧ್ಯಕ್ಷ ಪರಮೇಶಿ, ನನ್ನ ಕ್ಲಾಸ್‌ಮೇಟು. ಲೆಕ್ಕದ ಪರೀಕ್ಷೆಯಲ್ಲಿ ನನ್ನ ಬೆನ್ನಿನ ಹಿಂದೆ ಕೂತು ಪಾಸಾದವನು. ಈಗ ಟೈಲ್ಸ್ ಅಂಗಡಿ ಇಟ್ಟು ಜೋರಾಗಿದ್ದಾನೆ. ಶಾಲೆಯಲ್ಲಿ ‘ಏ ವಸುಧಾ’ ಅನ್ನುತ್ತಿದ್ದವನು ಈಗ ಬಾಯಿ ತುಂಬ ‘ಮೇಡಂ’ ಅನ್ನುತ್ತಾನೆ. ಅದು ಗೌರವವಲ್ಲ, ನನ್ನನ್ನು ದೂರ ಇಡುವ ಉಪಾಯ. ಅವನಿಗೆ ಚೆಂದ ಅಂದರೆ ಬಚ್ಚಲುಮನೆಯ ಗೋಡೆ. ಸುತ್ತ ಬಾರ್ಡರ್ ಇರಬೇಕು, ನಡುವೆ ಒಂದು ಹೂವಿರಬೇಕು, ಹೊಳೆಯಬೇಕು. ಈ ಮನುಷ್ಯ ಗ್ರಂಥದ ಪ್ರಸ್ತಾಪ ಹೊತ್ತುಕೊಂಡು ಎಲ್ಲರನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು.

“ನನ್ನ ಹೊಗಳೋ ಪುಸ್ತಕ ನಾನೇ ಮನೇಲಿಟ್ಕೊಂಡು ಏನ್ ಮಾಡ್ಲಪ್ಪ? ಮಾಡೋದಾದ್ರೆ ನನ್ನ ಲೆಕ್ಕಗಳನ್ನ ಪುಸ್ತಕ ಮಾಡಿ. ಇಲ್ಲ ಅಂದ್ರೆ ನಿಮ್ಮ ಸಮಾರಂಭಕ್ಕೆ ನಾನು ಬರಲ್ಲ.”

ಮೇಷ್ಟ್ರು ಸರ್ವಿಸ್ಸಿನುದ್ದಕ್ಕೂ ಲೆಕ್ಕಗಳನ್ನು ತಾವೇ ಹುಟ್ಟಿಸಿಕೊಂಡವರು. ಪಠ್ಯಪುಸ್ತಕದ ಲೆಕ್ಕದಲ್ಲಿ ರೈಲುಗಳು ಎದುರಾಬದುರಾ ಓಡುತ್ತಿದ್ದವು, ಬಡ್ಡಿ ಬೆಳೆಯುತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಪಾಳಿ ಮುಗಿಸಿದ ಅಪ್ಪ ಸೈಕಲ್ಲಿನಲ್ಲಿ ಬರುತ್ತಿದ್ದ, ಅಮ್ಮ ಹಾಲಿಗೆ ನೀರು ಬೆರೆಸುತ್ತಿದ್ದಳು, ನಲ್ಲಿಯಲ್ಲಿ ಅರ್ಧ ಗಂಟೆ ಮಾತ್ರ ನೀರು ಬಂದು ಯಾರ ಕೊಡ ಎಷ್ಟು ತುಂಬಿತು ಎಂದು ಜಗಳವಾಗುತ್ತಿತ್ತು. ಭಿನ್ನರಾಶಿ ಅಂದರೆ ಹೆದರಿ ಶಾಲೆ ಬಿಡುತ್ತಿದ್ದ ಕಾರ್ಮಿಕರ ಮಕ್ಕಳನ್ನು ಅವರು ಹಿಡಿದು ನಿಲ್ಲಿಸಿದ್ದೇ ಈ ಲೆಕ್ಕಗಳಿಂದ. ನಾನೂ ಹಾಗೆ ನಿಂತವಳೇ. ಹಾಗಾಗಿ ಮೇಷ್ಟ್ರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಪರಮೇಶಿಯ ಮುಖ ಮಾತ್ರ ಸಪ್ಪಗಾಯಿತು. ಶುಭಸಂದೇಶಗಳನ್ನು ಎಲ್ಲಿ ಹಾಕುವುದು ಎನ್ನುವುದು ಅವನ ಚಿಂತೆ.

ಕೆಲಸವನ್ನು ಮೊದಲು ಓಲ್ಡ್ ಟೌನಿನ ಸೆಲ್ವನ ಡಿಟಿಪಿ ಅಂಗಡಿಗೆ ಕೊಟ್ಟರು. ಸೆಲ್ವ ಮನುಷ್ಯ ಒಳ್ಳೆಯವನೇ, ಆದರೆ ಮದುವೆ ಕಾರ್ಡಿಗೂ ಪುಸ್ತಕಕ್ಕೂ ವ್ಯತ್ಯಾಸವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಾದರಿಗೆಂದು ಅವನು ಕಳಿಸಿದ ಪುಟಗಳಲ್ಲಿ ಭಿನ್ನರಾಶಿಯ ಮೇಲಿನ ಅಂಕಿ ಒಂದು ಸಾಲಿನ ಕೊನೆಗೆ, ಕೆಳಗಿನ ಅಂಕಿ ಮುಂದಿನ ಸಾಲಿನ ಮೊದಲಿಗೆ ಹೋಗಿ ಕೂತಿತ್ತು. ವರ್ಗಮೂಲದ ಚಿಹ್ನೆಯ ಜಾಗದಲ್ಲಿ ಸರಿ ಮಾರ್ಕು ಹಾಕಿದ್ದ. ಮೇಷ್ಟ್ರು ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಹಾಳೆಯಲ್ಲಿ ಬಿಳಿ ಜಾಗವೇ ಉಳಿಯದಂತೆ ಮಾಡಿ, ನನ್ನ ಕೈಗೆ ಕೊಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಮಾತಾಡಿದರು.

“ನೋಡು ವಸುಧಾ, ಕಥೆ ಪುಸ್ತಕದಲ್ಲಿ ತಪ್ಪಿದ್ರೆ ಮಗು ನಗುತ್ತೆ. ಲೆಕ್ಕದ ಪುಸ್ತಕದಲ್ಲಿ ತಪ್ಪಿದ್ರೆ ತಾನೇ ದಡ್ಡ ಅಂದ್ಕೊಳ್ಳುತ್ತೆ. ಒಂದ್ಸಲ ಹಾಗಂದ್ಕೊಂಡ್ರೆ ಮುಗೀತು, ಆ ಮಗು ಮತ್ತೆ ಲೆಕ್ಕದ ಹತ್ರ ಸುಳಿಯಲ್ಲ. ಅಂಥವ್ರನ್ನ ಎಷ್ಟು ಜನಾನ ನೋಡಿದೀನಿ. ಒಂದು ಅಂಕಿ ತಪ್ಪಿದ್ರೂ ಈ ಪುಸ್ತಕ ಬೇಡ.”

ಆಗ ನನ್ನ ತಲೆಗೆ ಲೇಟೆಕ್ ಬಂತು. ಲೇಟೆಕ್ ಅಂದರೆ ಪುಸ್ತಕದ ಪುಟ ಜೋಡಿಸುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಅದರ ಒಳಗುಟ್ಟನ್ನೂ ತೆರೆದಿಟ್ಟಿದ್ದಾರೆ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಪ್ರಪಂಚದ ಗಣಿತದವರೆಲ್ಲ ಬರೆಯುವುದು ಅದರಲ್ಲೇ. ನನಗದು ಗೊತ್ತಿರಬೇಕಿತ್ತು, ಯಾಕೆಂದರೆ ನನ್ನ ಹತ್ತಿರ ಅದರ ಸರ್ಟಿಫಿಕೇಟ್ ಇತ್ತು. ನಮ್ಮ ಕಾಲೇಜಿನಲ್ಲಿ ಅದರ ಬಗ್ಗೆ ‘ರಾಷ್ಟ್ರಮಟ್ಟದ ಒಂದು ದಿನದ ಕಾರ್ಯಾಗಾರ’ ನಡೆದಿತ್ತು. ದೀಪ ಬೆಳಗಿಸಲು ಒಂದು ಗಂಟೆ. ದೀಪ ಬೆಳಗಿಸಿದವರನ್ನು ಸನ್ಮಾನಿಸಲು ಇನ್ನೊಂದು ಗಂಟೆ. ಸಂಪನ್ಮೂಲ ವ್ಯಕ್ತಿ ಎಂದು ಬಂದಿದ್ದ ಮಹಾನುಭಾವರು ಜ್ಞಾನ ಎಲ್ಲರ ಸ್ವತ್ತು ಎಂದು ಊಟದ ಹೊತ್ತಿನವರೆಗೆ ಮಾತಾಡಿದರು. ಊಟವಾದ ಮೇಲೆ ಕರೆಂಟು ಹೋಯಿತು. ಸಂಜೆ ಎಲ್ಲರಿಗೂ ಒಂದು ಬ್ಯಾಗು, ಒಂದು ಪ್ಯಾಡು, ಒಂದು ಸರ್ಟಿಫಿಕೇಟ್. ಕಂಪ್ಯೂಟರ್ ಆನ್ ಮಾಡಿದವರು ಒಬ್ಬರೂ ಇಲ್ಲ. ಸರ್ಟಿಫಿಕೇಟನ್ನು ಲೇಟೆಕ್ಕಿನಲ್ಲಿ ಮಾಡಿರಲಿಲ್ಲ, ಇಂಥದೇ ಒಂದು ಡಿಟಿಪಿ ಅಂಗಡಿಯಲ್ಲಿ ಬಳ್ಳಿ ಬಿಡಿಸಿ ಮಾಡಿಸಿದ್ದರು.

ಹಾಗಾಗಿ ನಾನು ಆ ಮಳೆಗಾಲದಲ್ಲಿ ಮೊದಲಿಂದ ಶುರು ಮಾಡಬೇಕಾಯಿತು. ಮೊಬೈಲಿನ ಹಾಟ್‌ಸ್ಪಾಟ್ ಇಟ್ಟುಕೊಂಡು ಇಳಿಸಿಕೊಳ್ಳಲು ಕೂತರೆ ಆ ಮಾರಿ ಬೆಳಗಿನಿಂದ ಸಂಜೆಯವರೆಗೂ ಇಳಿಯಿತು. ಆಲ್ಕೊಳದಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟಿಗೆ ನೆಗಡಿ. ಮುಕ್ಕಾಲು ಇಳಿದು ನಿಂತುಹೋಗುತ್ತದೆ, ಮತ್ತೆ ಮೊದಲಿಂದ. ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟಾದರೂ ಮಾಡಬೇಡವೇ ಎಂದು ಗಂಡ ಪೇಪರಿನ ಹಿಂದಿನಿಂದಲೇ ಅಂದರು. ಕೊನೆಗೂ ಇಳಿದ ಮೇಲೆ ಏನು ಕಾಣಿಸಿತು ಅಂತೀರಿ? ಒಂದು ಖಾಲಿ ಕಿಟಕಿ. ಚಿತ್ರವಿಲ್ಲ, ಬಟನ್ನಿಲ್ಲ, ‘ಬನ್ನಿ ಕೂತ್ಕೊಳ್ಳಿ’ ಅನ್ನುವ ಸೌಜನ್ಯವಿಲ್ಲ. ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಇದನ್ನು ಬಳಸುವ ಬುದ್ಧಿವಂತರೆಲ್ಲ ಒಂದೇ ರಾಗ, ಬಹಳ ಸುಲಭ, ಕೈಪಿಡಿ ಓದಿಕೊಳ್ಳಿ. ಕೈಪಿಡಿ ಬರೆದವನಿಗೆ ಎಲ್ಲ ಗೊತ್ತು, ಒಂದು ಬಿಟ್ಟು. ಓದುವವರಿಗೆ ಏನೂ ಗೊತ್ತಿಲ್ಲ ಎನ್ನುವುದು ಅವನಿಗೆ ಗೊತ್ತಿಲ್ಲ.

ಲೇಟೆಕ್ಕಿನಲ್ಲಿ ನಾವು ಬರೆದದ್ದು ಬರೆದ ಹಾಗೆ ಪುಟದಲ್ಲಿ ಕಾಣಿಸುವುದಿಲ್ಲ. ಏನು ಬೇಕು ಎಂದು ಆಜ್ಞೆ ಬರೆಯಬೇಕು, ಆಮೇಲೆ ಅದು ಪುಟ ಮಾಡಿಕೊಡುತ್ತದೆ. ಭಿನ್ನರಾಶಿ ಬೇಕೆಂದರೆ ಹಿಂದಕ್ಕೆ ವಾಲಿದ ಒಂದು ಗೆರೆ, ‘ಫ್ರ್ಯಾಕ್’ ಎಂಬ ಮಾತು, ಆಮೇಲೆ ಮೇಲಿನ ಅಂಕಿ ಒಂದು ಪುಷ್ಪಾವರಣದಲ್ಲಿ, ಕೆಳಗಿನದು ಇನ್ನೊಂದರಲ್ಲಿ. ಒಂದು ಆವರಣ ಮುಚ್ಚುವುದು ಮರೆತರೆ ಆಯಿತು, ಪುಸ್ತಕವೇ ನಿಂತುಹೋಗುತ್ತದೆ. ಏನು ತಪ್ಪಾಯಿತು ಎಂದು ನೆಟ್ಟಗೆ ಹೇಳುವುದೂ ಇಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಏನೋ ಸರಿಯಿಲ್ಲ’ ಅಂದ ಹಾಗೆ. ಒಮ್ಮೆ ಡಾಲರ್ ಕಾಣೆಯಾಗಿದೆ ಎಂದು ಇಂಗ್ಲಿಷಿನಲ್ಲಿ ಕೂಗಾಡಿತು. ಲೆಕ್ಕದ ಎರಡು ತುದಿಗೂ ಡಾಲರ್ ಚಿಹ್ನೆ ಹಾಕಬೇಕೆಂಬ ಅದರ ಪದ್ಧತಿ ನನಗೆ ಗೊತ್ತಾಗಲು ಒಂದು ಭಾನುವಾರ ಹಾಳಾಯಿತು.

ಕನ್ನಡದ ಪಾಡಂತೂ ಕೇಳಬೇಡಿ. ಮೊದಲ ಸಲ ಮೇಷ್ಟ್ರ ಒಂದು ಲೆಕ್ಕವನ್ನು ಅದರಲ್ಲಿ ಬರೆದು ಪುಟ ಮಾಡಿಸಿದಾಗ ಅಂಕಿಗಳೆಲ್ಲ ಮುತ್ತಿನ ಹಾಗೆ ಬಂದವು, ಕನ್ನಡ ಇರಬೇಕಾದ ಕಡೆ ಬಿಳಿ ಜಾಗ. ನಮ್ಮ ಭಾಷೆ ಅದರ ಲೆಕ್ಕದಲ್ಲೇ ಇರಲಿಲ್ಲ. ಕನ್ನಡಕ್ಕೆ ಅದೇ ಕುಟುಂಬದ ಬೇರೆ ಎಂಜಿನ್ ಬೇಕಂತೆ. ಅದನ್ನು ಹಿಡಿದು ತಂದು, ಒಂದು ಯೂನಿಕೋಡ್ ಫಾಂಟು ಹಾಕಿದರೆ ಅಕ್ಷರ ಬಂತು, ಒತ್ತಕ್ಷರ ಕೆಳಗಿಳಿಯಲಿಲ್ಲ. ‘ಅಮ್ಮ’ ಎಂದು ಬರೆದರೆ ಎರಡು ಮಕಾರ ಪಕ್ಕಪಕ್ಕ ಕೂತು ನಡುವೆ ಒಂದು ಅರ್ಧಾಕ್ಷರದ ಚಿಹ್ನೆ. ಇದು ಕನ್ನಡ ಲಿಪಿ ಎಂದು ಅದಕ್ಕೆ ಬೇರೆ ಒಂದು ಮಾತು ಹೇಳಬೇಕಿತ್ತು. ಹೇಳಿದ ಮೇಲೆ ಎಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಅವತ್ತು ನಾನು ಒಬ್ಬಳೇ ಕೂತು ನಕ್ಕೆ, ನನಗೆ ಹುಚ್ಚು ಹಿಡಿಯಿತೆಂದು ಮನೆಯವರು ಇಣುಕಿ ನೋಡಿದರು.

ಮುಂದೆ ಪ್ರತಿ ಭಾನುವಾರ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಶಿವಮೊಗ್ಗದಲ್ಲಿ ಸುರಿಯುವ ಮಳೆ ಭದ್ರಾವತಿ ಮುಟ್ಟುವಷ್ಟರಲ್ಲಿ ತುಂತುರಾಗುತ್ತಿತ್ತು. ಜನ್ನಾಪುರದಲ್ಲಿ ಇಳಿದರೆ ಮೇಷ್ಟ್ರು ಬೆಳಗ್ಗೆಯೇ ಸ್ನಾನ ಮಾಡಿ, ಅಂಗಿ ಇಸ್ತ್ರಿ ಮಾಡಿಕೊಂಡು, ಶಾಲೆಗೆ ಹೊರಟವರ ಹಾಗೆ ಕೂತಿರುತ್ತಿದ್ದರು. ಅವರು ಲೆಕ್ಕ ಹೇಳುವುದು, ನಾನು ಬರೆಯುವುದು. ಅವರ ಹೆಂಡತಿ ಸರೋಜಮ್ಮನವರು ಕಾಫಿ ತಂದಿಟ್ಟು, “ಹೋಗ್ಲಿ ಬಿಡಿ ಮಾರಾಯ್ರೆ, ಆ ಹುಡುಗೀನ ಉಸಿರಾಡೋಕಾದ್ರೂ ಬಿಡಿ” ಅನ್ನುವರು. ನನಗೆ ಆಗಲೇ ನಲವತ್ತಾರು. ಆ ಮನೆಯಲ್ಲಿ ಮಾತ್ರ ಇನ್ನೂ ಹುಡುಗಿ.

ನನಗೆ ಹಿಂಸೆಯಾಗಿದ್ದ ಲೇಟೆಕ್ ಮೇಷ್ಟ್ರಿಗೆ ಮೊದಲ ದಿನವೇ ಹಿಡಿಸಿಬಿಟ್ಟಿತು. ಒಂದು ಆವರಣ ಮುಚ್ಚದಿದ್ದರೆ ಅದು ಮುಂದೆ ಹೋಗಲು ಒಪ್ಪುವುದಿಲ್ಲ ಎಂದು ತೋರಿಸಿದೆ. ಅವರಿಗೆ ಆದ ಸಂತೋಷ ಹೇಳತೀರದು. ಇಷ್ಟು ವರ್ಷ ನಾನೊಬ್ಬನೇ ಹೀಗೆ ಅಂದುಕೊಂಡಿದ್ದೆ, ಜೊತೆಗೆ ಒಬ್ಬ ಸಿಕ್ಕ ಎಂದರು. ಮೂರನೆಯ ಭಾನುವಾರದ ಹೊತ್ತಿಗೆ ನಾನು ಬರೆಯುವಾಗ ಹಿಂದಿನಿಂದಲೇ “ಆವರಣ ಮುಚ್ಚು” ಎಂದು ಗದರಿಸತೊಡಗಿದ್ದರು. ಇಡೀ ಪುಟದಲ್ಲಿ ಅಂಕಿಗಳು ನಿಲ್ಲುವ ರೀತಿ, ಭಿನ್ನರಾಶಿಯ ಗೆರೆ ಸರಿಯಾಗಿ ಅಂಕಿಯಷ್ಟೇ ಅಗಲ ಇರುವುದು, ಲೆಕ್ಕದ ಸುತ್ತ ಉಸಿರಾಡುವಷ್ಟು ಬಿಳಿ ಜಾಗ ಬಿಡುವುದು, ಇದನ್ನೆಲ್ಲ ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡುತ್ತಿದ್ದರು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಪುಸ್ತಕ ಮುಗಿಯಿತು. ಪ್ರತಿ ಲೆಕ್ಕವನ್ನೂ ಅವರೊಮ್ಮೆ, ನಾನೊಮ್ಮೆ ಬಿಡಿಸಿ ಉತ್ತರ ತಾಳೆ ನೋಡಿದೆವು. ಒಂದು ಅಂಕಿಯೂ ತಪ್ಪಿರಲಿಲ್ಲ. ಆ ವರ್ಷದಲ್ಲಿ ನಾನು ಯಾರನ್ನೂ ಬೈಯದೆ ಕಳೆದ ಹೊತ್ತು ಅದೊಂದೇ.

ಸಮಿತಿಯ ಸಭೆ ಪರಮೇಶಿಯ ಅಂಗಡಿಯ ಮಹಡಿಯ ಮೇಲೆ ನಡೆಯಿತು. ಪುಟಗಳನ್ನು ಪ್ರಿಂಟ್ ಮಾಡಿ ಎಲ್ಲರ ಕೈಗೂ ಕೊಟ್ಟೆ. ಎಲ್ಲರೂ ತಿರುವಿಹಾಕಿದರು. ಒಬ್ಬನೂ ಒಂದು ಲೆಕ್ಕವನ್ನೂ ಓದಲಿಲ್ಲ. ಉಪಾಧ್ಯಕ್ಷರೊಬ್ಬರು ಹಾಳೆಯನ್ನು ಬೆಳಕಿಗೆ ಹಿಡಿದು, ಕಲರ್ ಇಲ್ಲವಲ್ಲ ಎಂದರು. ಇನ್ನೊಬ್ಬರು ಜಾಗ ಬಹಳ ವೇಸ್ಟ್ ಆಗಿದೆ ಎಂದರು. ಪರಮೇಶಿ ಗಲ್ಲ ಕೆರೆದುಕೊಂಡು, ಎಲ್ಲ ಚೆನ್ನಾಗಿದೆ, ಆದರೆ ಸ್ವಲ್ಪ ಸಪ್ಪೆ, ಸುತ್ತ ಒಂದು ಬಾರ್ಡರ್ ಇದ್ದರೆ ಗ್ರ್ಯಾಂಡ್ ಆಗಿರುತ್ತಿತ್ತು ಎಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದು ಬಚ್ಚಲುಮನೆಯಲ್ಲ ಪರಮೇಶಿ, ಪುಸ್ತಕ ಎಂದು ನಾನು ಎಲ್ಲರ ಎದುರಿಗೇ ಹೇಳಿದೆ. ಮೇಷ್ಟ್ರ ಮಾತನ್ನೂ ಹೇಳಿದೆ. ಯಾರೂ ಮುಟ್ಟಕೂಡದು, ಪಿಡಿಎಫ್ ಫೈಲನ್ನು ನೇರವಾಗಿ ಪ್ರೆಸ್ಸಿಗೆ ಕಳಿಸಬೇಕು ಎಂದು ಪೆನ್‌ಡ್ರೈವ್ ಕೈಯಲ್ಲಿಟ್ಟೆ. “ಆಯ್ತು ಮೇಡಂ, ನೀವು ಹೇಳಿದ ಹಾಗೇ” ಎಂದು ಪರಮೇಶಿ ಕೈ ಮುಗಿದ. ಅವನು ಕೈ ಮುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸಮಾರಂಭ ಸಂಕ್ರಾಂತಿಯಾದ ಮೇಲೆ, ಒಂದು ಕಲ್ಯಾಣ ಮಂಟಪದಲ್ಲಿ. ಮೇಷ್ಟ್ರಿಗೆ ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಮಡಿಲಿಗಿಟ್ಟು, ಅಲುಗಾಡದ ಹಾಗೆ ಮಾಡಿದ್ದರು. ಗಣ್ಯರು ಒಬ್ಬರ ಹಿಂದೊಬ್ಬರು ಗಣಿತದ ಮಹತ್ವದ ಬಗ್ಗೆ ಮಾತಾಡಿದರು. ಒಬ್ಬರು ಸೊನ್ನೆ ಕಂಡುಹಿಡಿದದ್ದೇ ನಾವು ಎಂದಾಗ ಚಪ್ಪಾಳೆ ಬಿತ್ತು. ಆಮೇಲೆ ಹೊಳೆಯುವ ಕಾಗದ ಹರಿದು ಪುಸ್ತಕ ಬಿಡುಗಡೆ ಮಾಡಿದರು. ಕೆಳಗೆ ಕೂತಿದ್ದ ನನಗೆ ಮೊದಲು ಕಂಡದ್ದು ಬಣ್ಣ. ಮುಖಪುಟದ ಮೇಲೆ ಮೇಷ್ಟ್ರ ಫೋಟೋ, ಅದಕ್ಕಿಂತ ಸ್ವಲ್ಪವೇ ಸಣ್ಣದಾಗಿ ಪರಮೇಶಿಯ ಫೋಟೋ. ಪ್ರತಿ ಕುರ್ಚಿಗೂ ಒಂದೊಂದು ಪ್ರತಿ ಹಂಚಿದರು. ತೆರೆದು ನೋಡಿದೆ. ಪುಟಪುಟಕ್ಕೂ ಗುಲಾಬಿ, ಪುಟಪುಟಕ್ಕೂ ಬಳ್ಳಿ. ಬಳ್ಳಿಯ ಒಳಗೆ ಮೇಷ್ಟ್ರ ಮೊದಲನೇ ಲೆಕ್ಕ. ಅಮ್ಮ ಮುಕ್ಕಾಲು ಲೀಟರ್ ಹಾಲು ತಂದಳು ಎಂದು ಇರಬೇಕಾದ ಕಡೆ ಮೂವತ್ತನಾಲ್ಕು ಲೀಟರ್ ಹಾಲು ತಂದಿದ್ದಳು.

ಮುಂದಿನ ಪುಟ ನೋಡಿದೆ, ಅದರ ಮುಂದಿನದು ನೋಡಿದೆ. ಒಂದು ಭಿನ್ನರಾಶಿಯೂ ಬದುಕಿರಲಿಲ್ಲ. ನಾಲ್ಕರ ಮೇಲಿನ ಮೂರು ಕೆಳಗಿಳಿದು ನಾಲ್ಕರ ಪಕ್ಕ ಕೂತಿತ್ತು, ನಡುವಿನ ಗೆರೆ ಮಾಯ. ಕಾಲು ಭಾಗ ಹದಿನಾಲ್ಕಾಗಿತ್ತು. ಐದರ ವರ್ಗ ಐವತ್ತೆರಡಾಗಿತ್ತು. ತಲೆಯೆತ್ತಿ ವೇದಿಕೆ ನೋಡಿದೆ. ಮೇಷ್ಟ್ರೂ ಪುಸ್ತಕ ತೆರೆದಿದ್ದರು. ಒಂದು ಪುಟದಲ್ಲಿ ಅವರ ಬೆರಳು ನಿಂತಿತ್ತು. ಆಗಲೇ ಪರಮೇಶಿ ಮೈಕು ಹಿಡಿದು, ಇದನ್ನು ಸುತ್ತಮುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳಿಗೆಲ್ಲ ತನ್ನ ಕಡೆಯಿಂದ ಉಚಿತವಾಗಿ ಕೊಟ್ಟಿದ್ದೇನೆ, ಬೆಳಗ್ಗೆಯೇ ಟೆಂಪೋದಲ್ಲಿ ಎಲ್ಲ ಶಾಲೆಗೂ ತಲುಪಿಸಿಯಾಯಿತು ಎಂದು ಸಾರಿದ. ಮೇಷ್ಟ್ರು ಪುಸ್ತಕ ಮುಚ್ಚಿದರು. ಮಾತಾಡಿ ಎಂದು ಮೈಕು ಮುಂದೆ ತಂದಾಗ ತಲೆಯಾಡಿಸಿ ಬೇಡ ಎಂದರು. ಸಂತೋಷಕ್ಕೆ ಗಂಟಲು ಕಟ್ಟಿದೆ ಎಂದು ನಿರೂಪಕ ಹೇಳಿದ, ಜನ ಮತ್ತೆ ಚಪ್ಪಾಳೆ ತಟ್ಟಿದರು.

ಊಟದ ಹಾಲಿನಲ್ಲಿ ಪರಮೇಶಿಯನ್ನು ಹಿಡಿದೆ. ಬಡಿಸುವವರಿಗೆ ಸಾರು ಹಾಕಿ, ಪಲ್ಯ ಹಾಕಿ ಎಂದು ಕೈ ಬೀಸುತ್ತ ನಿಂತಿದ್ದ. ಸ್ವಲ್ಪ ಬಾರ್ಡರ್ ಹಾಕಿಸೋಣ ಎಂದು ಸೆಲ್ವನಿಗೆ ಕೊಟ್ಟೆ, ಅಷ್ಟೇ ಎಂದ. ಅಲ್ಲೇ ಎಲೆಯ ಮುಂದೆ ಕೂತಿದ್ದ ಸೆಲ್ವ ನಡೆದದ್ದನ್ನು ಪಾಪ ಮುಚ್ಚುಮರೆಯಿಲ್ಲದೆ ಹೇಳಿದ. ಅವನ ಕಂಪ್ಯೂಟರಿನಲ್ಲಿರುವುದು ಬಹಳ ಹಳೇ ಪುಟ ಜೋಡಿಸುವ ತಂತ್ರಾಂಶ. ಅದಕ್ಕೆ ಅದರದೇ ಹಳೇ ಫಾಂಟು ಬಿಟ್ಟರೆ ಬೇರೆ ಕನ್ನಡ ಅರ್ಥವಾಗುವುದಿಲ್ಲ. ಅವನ ಬಳ್ಳಿಗಳೆಲ್ಲ ಇರುವುದೂ ಅದರಲ್ಲೇ. ಬಳ್ಳಿಗೋಸ್ಕರ ಇಡೀ ಪುಸ್ತಕವನ್ನು ಆ ಹಳೇ ಡಬ್ಬಿಗೆ ಇಳಿಸಿದ್ದಾನೆ. ಕನ್ನಡವನ್ನು ಹೊಸದಾಗಿ ಟೈಪ್ ಮಾಡಿಸಿದ, ಅಂಕಿಗಳನ್ನು ಮಾತ್ರ ತಪ್ಪಾಗಬಾರದೆಂದು ನನ್ನ ಪಿಡಿಎಫ್‌ನಿಂದಲೇ ಎತ್ತಿ ಎತ್ತಿ ಅಂಟಿಸಿದ. ಹಾಗೆ ಎತ್ತಿದರೆ ಮೇಲಿನ ಅಂಕಿ, ಕೆಳಗಿನ ಅಂಕಿ ಒಂದೇ ಸಾಲಿಗೆ ಬಂದು ಬೀಳುತ್ತವೆ, ಗೆರೆ ಜೊತೆಗೆ ಬರುವುದಿಲ್ಲ. ಅದು ಅವನಿಗೆ ಗೊತ್ತಿಲ್ಲ. ಕಾಗುಣಿತವನ್ನು ಮಾತ್ರ ಎರಡೆರಡು ಸಲ ನೋಡಿಸಿದ್ದೇನೆ ಮೇಡಂ ಎಂದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವನ ಮುಖ ನೋಡಿ ನನಗೆ ಅವನನ್ನು ಬೈಯಲೂ ಮನಸ್ಸಾಗಲಿಲ್ಲ. ಪರಮೇಶಿಗೆ ಮಾತ್ರ ಪುಸ್ತಕಗಳನ್ನು ವಾಪಸ್ ತರಿಸು ಎಂದೆ.

“ಗೆಟಪ್ ನೋಡಿ ಮೇಡಂ, ಎಲ್ಲ ಹೊಗಳ್ತಿದಾರೆ. ಒಂದೆರಡು ಅಂಕಿ ಆಚೆ ಈಚೆ ಆಗಿರಬಹುದು,” ಎಂದ ಪರಮೇಶಿ. “ಯಾರು ಕೂತ್ಕೊಂಡು ಲೆಕ್ಕ ಮಾಡಿ ನೋಡ್ತಾರೆ?”

ಲೆಕ್ಕದ ಪುಸ್ತಕವನ್ನು ಯಾರು ಲೆಕ್ಕ ಮಾಡಿ ನೋಡುತ್ತಾರೆ! ಇಂಥ ಮಾತನ್ನು ಈ ಜಿಲ್ಲೆಯಲ್ಲಿ ಪರಮೇಶಿ ಒಬ್ಬನೇ ಹೇಳಬಲ್ಲ ಎಂದು ಅಂದುಕೊಂಡಿದ್ದೆ. ಮುಂದಿನ ವಾರಗಳಲ್ಲಿ ಗೊತ್ತಾಯಿತು, ಎಲ್ಲರೂ ಹೇಳಬಲ್ಲರು. ನಾನು, ಮೇಷ್ಟ್ರು ಶಾಲೆಯಿಂದ ಶಾಲೆಗೆ ಅಲೆದೆವು. ಒಬ್ಬ ಹೆಡ್‌ಮಾಸ್ಟರು, ದಾನ ಕೊಟ್ಟದ್ದನ್ನು ವಾಪಸ್ ಕೇಳುವುದು ಸಂಪ್ರದಾಯವಲ್ಲ ಎಂದರು. ಇನ್ನೊಬ್ಬರು ಪುಸ್ತಕಗಳನ್ನು ಆಗಲೇ ಸ್ಟಾಕಿಗೆ ಹತ್ತಿಸಿಯಾಗಿದೆ, ತೆಗೆಯಬೇಕೆಂದರೆ ಮೇಲಿನವರ ಅನುಮತಿ ಬೇಕು ಎಂದರು. ಮತ್ತೊಬ್ಬರು ಮಕ್ಕಳಿಗೆ ಬಹುಮಾನವಾಗಿ ಹಂಚಿಬಿಟ್ಟಿದ್ದರು. ತಿದ್ದಿದ ಪುಟಗಳನ್ನು ನಾನು ಹೊಸದಾಗಿ ಪ್ರಿಂಟ್ ಮಾಡಿಸಿಕೊಂಡು ಹೋಗಿ ಕೊಟ್ಟೆ. ತೆಗೆದುಕೊಂಡರು, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಂದು ಶಾಲೆಯಲ್ಲಿ ಲೆಕ್ಕದ ಟೀಚರೇ ಪುಸ್ತಕ ತುಂಬ ಚೆನ್ನಾಗಿದೆ ಸಾರ್, ಬಾರ್ಡರ್ ಬಹಳ ನೀಟಾಗಿದೆ ಎಂದು ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿದಳು. ಆಕೆ ಆ ಪುಸ್ತಕದಿಂದ ಒಂದು ಲೆಕ್ಕವನ್ನೂ ಮಾಡಿಸಿರಲಿಲ್ಲ, ಅದು ಬಿಡಿ, ಮಾಡಿಯೂ ಇರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಮೇಷ್ಟ್ರ ಪಾಲಿನ ಬೈಗುಳವನ್ನೂ ನಾನೇ ಬೈದೆ.

ಬೇಸಿಗೆ ರಜೆ ಶುರುವಾಗಿತ್ತು. ಭದ್ರಾವತಿಯ ಬಿಸಿಲು ಗೊತ್ತಲ್ಲ, ಮಧ್ಯಾಹ್ನಕ್ಕೆ ರಸ್ತೆಯ ಟಾರು ಚಪ್ಪಲಿಗೆ ಹತ್ತುತ್ತದೆ. ಒಂದು ದಿನ ಮೇಷ್ಟ್ರ ಮನೆಯಲ್ಲಿ ಕೂತು ಇನ್ನು ಯಾವ ಶಾಲೆ ಉಳಿದಿದೆ ಎಂದು ಮಾತಾಡುತ್ತಿದ್ದೆವು. ಹಿಂದಿನ ಬೀದಿಯ ಹುಡುಗಿ ಭವ್ಯ ಬಂದಳು. ಐದನೇ ಕ್ಲಾಸು ಮುಗಿಸಿದ್ದಳು. ಅಪ್ಪ ಲಾರಿ ಡ್ರೈವರ್. ಮಾತು ಕಡಿಮೆಯ, ದೊಡ್ಡ ಕಣ್ಣಿನ ಹುಡುಗಿ. ಮನೆಯಲ್ಲಿ ಸೆಕೆ, ಇಲ್ಲಿ ಕೂತುಕೊಳ್ಳಲೇ ಎಂದು ಸರೋಜಮ್ಮನವರನ್ನು ಕೇಳಿ ಹಾಲಿನ ಕೆಂಪು ನೆಲದ ಮೇಲೆ ಕೂತಳು. ಅವಳ ಕಂಕುಳಲ್ಲಿ ಮೇಷ್ಟ್ರ ಪುಸ್ತಕವಿತ್ತು. ಶಾಲೆಯಲ್ಲಿ ಕೊಟ್ಟರಂತೆ. ಮೇಷ್ಟ್ರು ಪೇಪರು ಓದುವ ಹಾಗೆ ಹಿಡಿದುಕೊಂಡು ಅವಳನ್ನೇ ನೋಡತೊಡಗಿದರು.

ಮೂರು ಹೋಳಿಗೆಯನ್ನು ಐದು ಮಕ್ಕಳಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು ಎನ್ನುವ ಲೆಕ್ಕ ಅದು. ಹುಡುಗಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೂರು ಹೋಳಿಗೆ ಬಿಡಿಸಿದಳು. ಒಂದೊಂದನ್ನೂ ಐದೈದು ತುಂಡು ಮಾಡಿದಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು. ಪ್ರತಿ ಹೋಳಿಗೆಯಿಂದ ಒಂದು ತುಂಡು, ಮೂರು ಹೋಳಿಗೆಯಿಂದ ಮೂರು. ಮೂರರ ಕೆಳಗೆ ಗೆರೆ ಎಳೆದು ಐದು ಬರೆದಳು. ಐದರಲ್ಲಿ ಮೂರು ಭಾಗ. ಎಷ್ಟು ಚೆಂದ ಮಾಡಿದಳು ಅಂದರೆ ನನಗೆ ಎದ್ದು ಹೋಗಿ ತಲೆ ಸವರಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಪುಸ್ತಕದ ಕೊನೆಯ ಪುಟ ತೆರೆದು ಉತ್ತರ ನೋಡಿದಳು. ಎರಡು ಸಲ ನೋಡಿದಳು. ಆಮೇಲೆ ಅಂಗೈಯಿಂದ ನೆಲವನ್ನು ಒರೆಸಿಬಿಟ್ಟಳು. ಹೋಳಿಗೆಯನ್ನೂ ಒರೆಸಿದಳು, ಉತ್ತರವನ್ನೂ ಒರೆಸಿದಳು.

“ಯಾಕಮ್ಮಾ ಅಳಿಸ್ದೆ?” ಎಂದರು ಮೇಷ್ಟ್ರು.

“ತಪ್ಪಾಗಿತ್ತು.”

ಮೇಷ್ಟ್ರು ಪೇಪರು ಪಕ್ಕಕ್ಕಿಟ್ಟು ಅವಳ ಹತ್ತಿರ ನೆಲಕ್ಕೆ ಇಳಿದು ಕೂತರು. ಆ ಮಂಡಿಗಳಿಗೆ ಅದು ಸುಲಭವಲ್ಲ. ನೀನು ಬರೆದದ್ದೇ ಸರಿ, ಪುಸ್ತಕದಲ್ಲಿರುವ ಮೂವತ್ತೈದು ಎಂಬ ಉತ್ತರ ತಪ್ಪು ಎಂದು ಹೇಳಿದರು. ಮತ್ತೆ ಹೋಳಿಗೆ ಬಿಡಿಸಿದರು. ಇರುವುದೇ ಮೂರು ಹೋಳಿಗೆ, ತಲೆಗೆ ಮೂವತ್ತೈದು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಹುಡುಗಿ ತಲೆಯಾಡಿಸಿದಳು, ದೊಡ್ಡವರು ಹೇಳಿದ್ದಕ್ಕೆ ಮಕ್ಕಳು ಆಡಿಸುವ ಹಾಗೆ. ಆಮೇಲೆ ಪುಸ್ತಕವನ್ನು ಮುಚ್ಚಿ ಮುಖಪುಟವನ್ನು ಅವರಿಗೆ ತೋರಿಸಿದಳು.

“ನಂಗೆ ಬೇಜಾರಾಗ್ಬಾರ್ದು ಅಂತ ಹಂಗ್ ಹೇಳ್ತಿದೀರಿ ಮೇಷ್ಟ್ರೇ. ಪುಸ್ತಕದ ಮೇಲೆ ನಿಮ್ಮ ಫೋಟೋನೇ ಇದೆ. ನೀವೇ ಬರ್ದಿದ್ದು ತಪ್ಪು ಹೆಂಗಾಗುತ್ತೆ? ನಂಗೆ ಲೆಕ್ಕ ಬರಲ್ಲ, ಅಷ್ಟೇ.”

ಹುಡುಗಿ ಎದ್ದು ಕೈಗೆ ಮೆತ್ತಿದ್ದ ಸುಣ್ಣವನ್ನು ಫ್ರಾಕಿಗೆ ಒರೆಸಿಕೊಂಡಳು. ಪುಸ್ತಕವನ್ನು ಜೋಪಾನವಾಗಿ ಎದೆಗೆ ಒತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿ ನೋಡಿದಳು.

“ಇದನ್ನ ನಮ್ ತಮ್ಮಂಗೆ ಎತ್ತಿಡ್ತೀನಿ ಮೇಷ್ಟ್ರೇ,” ಎಂದಳು. “ಅವ್ನು ಜಾಣ.”

ಅವಳು ಹೋದ ಮೇಲೂ ಮೇಷ್ಟ್ರು ನೆಲದಿಂದ ಏಳಲಿಲ್ಲ. ಆ ವರ್ಷವಿಡೀ ಬೈಗುಳ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಪರಮೇಶಿಗೆ ಒಂದು, ಹೆಡ್‌ಮಾಸ್ಟರಿಗೆ ಒಂದು, ಕೈಪಿಡಿ ಬರೆದವನಿಗೆ ಒಂದು, ಯಾರಿಗೂ ಕಡಿಮೆ ಮಾಡಿರಲಿಲ್ಲ. ಅವತ್ತು ಅವರ ಪಕ್ಕ ಕೂತು ಬೈಯಲೆಂದು ಬಾಯಿ ತೆರೆದೆ. ಒಂದೂ ಸಿಗಲಿಲ್ಲ.